ಬೋಲ್ಟು ಕೂತರೆ ಸಾಲದು: ಹಳೆಯ ಎಂಜಿನ್ನಿಗೆ ಗೇರ್‌ಬಾಕ್ಸು, ಸ್ಟಾರ್ಟರು ಹೊಂದಿಸುವ ವಿದ್ಯೆ

ಹಳೆಯ ಕಾರೊಂದನ್ನು ಮತ್ತೆ ರಸ್ತೆಗಿಳಿಸುವ ಕೆಲಸದಲ್ಲಿ ಬಣ್ಣಕ್ಕೆ, ಕ್ರೋಮ್ ಪಟ್ಟಿಗಳಿಗೆ, ಸೀಟಿನ ಹೊದಿಕೆಗೆ ಸಿಗುವಷ್ಟು ಗಮನ ಎಂಜಿನ್ನಿನ ಹಿಂಬದಿಗೆ ಸಿಗುವುದಿಲ್ಲ. ಆದರೆ ಎಂಜಿನ್, ಗೇರ್‌ಬಾಕ್ಸ್ ಮತ್ತು ಕರ್ನಾಟಕದ ಗ್ಯಾರೇಜುಗಳಲ್ಲಿ ‘ಸೆಲ್ಫ್’ ಎಂದೇ ಹೆಸರಾಗಿರುವ ಸ್ಟಾರ್ಟರ್ ಮೋಟಾರು, ಈ ಮೂರು ಬೇರೆ ಬೇರೆ ಯಂತ್ರಗಳು ಒಂದನ್ನೊಂದು ಸಂಧಿಸುವುದು ಅಲ್ಲಿಯೇ, ಮೊಳದೊಳಗಿನ ಜಾಗದಲ್ಲಿ. ಕಾರಿಗೆ ಐವತ್ತು ಅರವತ್ತು ವರ್ಷ ತುಂಬುವಷ್ಟರಲ್ಲಿ ಈ ಮೂರರಲ್ಲಿ ಒಂದಾದರೂ ಬದಲಾಗಿರುವುದೇ ಹೆಚ್ಚು. ಕಾರ್ಖಾನೆಯಿಂದ ಬಂದ ಜೋಡಿ ಮುರಿದು, ಬೇರೊಂದು ವರ್ಷದ, ಬೇರೊಂದು ಮಾದರಿಯ, ಕೆಲವೊಮ್ಮೆ ಲಾರಿಯ ಭಾಗ ಬಂದು ಸೇರಿರುತ್ತದೆ. ಇಂಥ ಭಾಗಗಳಲ್ಲಿ ಯಾವುದು ಯಾವುದಕ್ಕೆ ಸಲ್ಲುತ್ತದೆಂದು ನಿರ್ಧರಿಸುವುದು ಎಣಿಕೆ ಮತ್ತು ಅಳತೆಗಳ ಮೇಲೆ ನಿಂತ ಒಂದು ವಿದ್ಯೆಯೇ ಆಗಿದೆ. ಬೋಲ್ಟಿನ ತೂತುಗಳು ಕೂಡಿಬಂದವೆಂದರೆ ಭಾಗವೂ ಹೊಂದಿತೆಂದು ತಿಳಿಯುವ ನಂಬಿಕೆಯಷ್ಟು ದುಬಾರಿಯಾದದ್ದು ಈ ಕೆಲಸದಲ್ಲಿ ಬೇರೊಂದಿಲ್ಲ.

ಒಂದು ಕಾರಿನ ಭಾಗವನ್ನು ಕಳಚಿ ಇನ್ನೊಂದಕ್ಕೆ ಹಾಕಬಹುದೆಂಬುದು ಇಂದು ಸಹಜವೆನಿಸಿದರೂ ಮೋಟಾರು ವಾಹನದ ಆರಂಭಕಾಲದಲ್ಲಿ ಹಾಗಿರಲಿಲ್ಲ. ಫಿಟ್ಟರುಗಳು ಭಾಗಗಳನ್ನು ಅರದಿಂದ ಉಜ್ಜಿ, ಆಯಾ ಕಾರಿಗೆ ಮಾತ್ರ ಕೂರುವಂತೆ ಮಾಡುತ್ತಿದ್ದರು. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಓಟದ ಪಥದಲ್ಲಿ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಮೇಲ್ವಿಚಾರಣೆಯಲ್ಲಿ ನಡೆದ ಪರೀಕ್ಷೆಯು ಈ ಪದ್ಧತಿಗೆ ದೊಡ್ಡ ಸವಾಲೊಡ್ಡಿತು. ಅಮೆರಿಕದ ಕ್ಯಾಡಿಲಾಕ್ ಕಂಪನಿಯ 3 ಕಾರುಗಳನ್ನು ಪೂರ್ತಿಯಾಗಿ ಬಿಚ್ಚಿ, ಭಾಗಗಳನ್ನೆಲ್ಲ ಒಂದೇ ರಾಶಿಯಲ್ಲಿ ಬೆರೆಸಿ, ಅವುಗಳಲ್ಲಿ 89 ಭಾಗಗಳನ್ನು ತೆಗೆದಿಟ್ಟು, ಆ ಜಾಗಕ್ಕೆ ಮಾರಾಟಗಾರನ ದಾಸ್ತಾನಿನಿಂದ ಬೇರೆ ಭಾಗಗಳನ್ನು ತಂದು, ಮತ್ತೆ 3 ಕಾರುಗಳನ್ನು ಕಟ್ಟಲಾಯಿತು. ಹಾಗೆ ಕಟ್ಟಿದ ಕಾರುಗಳು 500 ಮೈಲಿಗಳ ಓಟವನ್ನು ಮುಗಿಸಿದವು, ಮತ್ತು ಕಂಪನಿಗೆ ಡ್ಯೂವರ್ ಟ್ರೋಫಿ ಎಂಬ ಗೌರವ ದೊರೆಯಿತು. ಕಂಪನಿಯ ಮುಖ್ಯಸ್ಥ ಹೆನ್ರಿ ಲೆಲ್ಯಾಂಡ್ ಸೂಕ್ಷ್ಮ ಅಳತೆಯ ವಿಷಯದಲ್ಲಿ ತೋರಿದ ಹಟಕ್ಕೆ ಸಿಕ್ಕ ಮನ್ನಣೆಯದು.

ಅದೇ ಕಂಪನಿಯ 1912ರ ಮಾದರಿಯಲ್ಲಿ ವಿದ್ಯುತ್ ಸ್ಟಾರ್ಟರ್ ಬಂದದ್ದು ಇಲ್ಲಿ ನೆನೆಯಬೇಕಾದ ಸಂಗತಿ. ಅಲ್ಲಿಯವರೆಗೆ ಎಂಜಿನ್ನಿನ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಕೈಮೂಳೆ ಮುರಿಯುವ ಅಪಾಯವೂ ಇತ್ತು. ಈ ಕೆಲಸಕ್ಕೆ ವಿದ್ಯುತ್ ಮೋಟಾರು ಬಳಸುವುದಾದರೆ ಅದು ಎಂಜಿನ್ನಿನಷ್ಟೇ ದೊಡ್ಡದಾಗಬೇಕೆಂಬ ಭಾವನೆಯಿದ್ದ ಕಾಲದಲ್ಲಿ, ಕೆಲವೇ ಕ್ಷಣಗಳ ಮಟ್ಟಿಗೆ ತನ್ನ ಶಕ್ತಿಮೀರಿ ದುಡಿದು ಅನಂತರ ತಣಿಯುವ ಸಣ್ಣ ಮೋಟಾರೇ ಸಾಕೆಂದು ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ತೋರಿಸಿಕೊಟ್ಟರು. ಅದಕ್ಕೂ ಮೊದಲು ಅವರು ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ಮೋಟಾರು ಜೋಡಿಸಿದ್ದ ಅನುಭವ ಇಲ್ಲಿ ಕೈಹಿಡಿಯಿತು. ಅವರ ಡೇಟನ್ ಪ್ರಯೋಗಶಾಲೆಯ ಹೆಸರಿನ ಮೊದಲಕ್ಷರಗಳಿಂದ ಹುಟ್ಟಿದ ‘ಡೆಲ್ಕೊ’ ಎಂಬ ಹೆಸರು ಮುಂದೆ ಜನರಲ್ ಮೋಟರ್ಸ್ ಸಮೂಹದ ಸ್ಟಾರ್ಟರುಗಳ ಮೇಲೆ ದಶಕಗಳ ಕಾಲ ಅಚ್ಚಾಯಿತು. ಆ ಸ್ಟಾರ್ಟರುಗಳಿಗೂ ಭಾಗಗಳನ್ನು ಅದಲುಬದಲು ಮಾಡುವ ಪದ್ಧತಿಗೂ ಇರುವ ಸಂಬಂಧವನ್ನು ಅರಿಯಲು ಒಂದೇ ಎಂಜಿನ್ ಕುಟುಂಬವನ್ನು ಹತ್ತಿರದಿಂದ ನೋಡುವುದು ಲೇಸು. ಅದಕ್ಕೆ ಶೆವ್ರೊಲೆ ಕಂಪನಿಯ ‘ಸ್ಮಾಲ್ ಬ್ಲಾಕ್’ ವಿ8 ಎಂಜಿನ್ನಿಗಿಂತ ತಕ್ಕ ಉದಾಹರಣೆ ಸಿಗಲಾರದು.

ಎಡ್ ಕೋಲ್ ಮುಖ್ಯ ಎಂಜಿನಿಯರ್ ಆಗಿದ್ದಾಗ ರೂಪುಗೊಂಡು 1955ರ ಮಾದರಿಯ ಕಾರುಗಳಲ್ಲಿ ಬಂದ ಈ ಎಂಜಿನ್ 265 ಘನ ಇಂಚಿನಿಂದ ತೊಡಗಿ, 1957ರಲ್ಲಿ 283, 1962ರಲ್ಲಿ 327, 1967ರಲ್ಲಿ 350, 1970ರಲ್ಲಿ 400 ಘನ ಇಂಚು ಎಂದು ಬೆಳೆಯುತ್ತ ಹೋಯಿತು. ಗಾತ್ರ ಎಷ್ಟೇ ಬದಲಾದರೂ ಬ್ಲಾಕಿನ ಹಿಂಬದಿಯ ಮುಖವನ್ನು ಕಂಪನಿಯು ಬದಲಿಸಲಿಲ್ಲ. ಆ ಮುಖದ ಮೇಲೆ ಬೆಲ್ ಹೌಸಿಂಗನ್ನು, ಎಂದರೆ ಕ್ಲಚ್ಚನ್ನು ಒಳಗಿಟ್ಟುಕೊಂಡು ಎಂಜಿನ್ನನ್ನು ಗೇರ್‌ಬಾಕ್ಸಿಗೆ ಜೋಡಿಸುವ ಗಂಟೆಯಾಕಾರದ ಕವಚವನ್ನು, ಹಿಡಿಯುವ 6 ಬೋಲ್ಟುಗಳೂ 2 ಡೋವೆಲ್ ಪಿನ್ನುಗಳೂ ಇರುತ್ತವೆ. ಡೋವೆಲ್ ಪಿನ್ನೆಂದರೆ ಬಿಗಿಯುವುದಕ್ಕಲ್ಲದೆ ಸ್ಥಾನವನ್ನು ನಿಗದಿಪಡಿಸುವುದಕ್ಕಾಗಿ ಬ್ಲಾಕಿನಲ್ಲಿ ಬಡಿದಿರುವ ನುಣುಪಾದ ಉಕ್ಕಿನ ಗೂಟ. ಇದೇ ವಿನ್ಯಾಸವನ್ನು ಕಂಪನಿಯು ತನ್ನ ದೊಡ್ಡ ವಿ8 ಎಂಜಿನ್ನುಗಳಿಗೂ 1960ರ ದಶಕದ ಸಾಲು ಆರು ಸಿಲಿಂಡರಿನ ಎಂಜಿನ್ನುಗಳಿಗೂ ಬಳಸಿತು. ಹೀಗಾಗಿ 1955ರ ಬ್ಲಾಕಿಗೆ 1975ರ ಗೇರ್‌ಬಾಕ್ಸನ್ನು ಹಿಡಿದರೆ ತೂತಿಗೆ ತೂತು ಕೂಡುತ್ತದೆ. ಈ ಕುಟುಂಬವು ಹಳೆಯ ಕಾರಿನವರ ಪಾಲಿಗೆ ವರವಾದದ್ದು ಈ ಗುಣದಿಂದ. ಅವರನ್ನು ಮೋಸಗೊಳಿಸುವುದೂ ಇದೇ ಗುಣ.

ಮೊದಲ ಮೋಸ ಸ್ಟಾರ್ಟರಿನದು. 1955ರಿಂದ 1957ರವರೆಗಿನ ಈ ವಿ8 ಕಾರುಗಳಲ್ಲಿ ಸ್ಟಾರ್ಟರನ್ನು ಸಾಮಾನ್ಯವಾಗಿ ಬೆಲ್ ಹೌಸಿಂಗಿಗೆ ಬಿಗಿಯುತ್ತಿದ್ದರು. ಅನಂತರದ ಕಾರುಗಳಲ್ಲಿ ಅದು ಬ್ಲಾಕಿನ ತಳಕ್ಕೆ ಕೆಳಗಿನಿಂದ ಬಿಗಿಯುವಂತಾಯಿತು. ಹಾಗಾಗಿ ಮೊದಲ ವರ್ಷಗಳ ಬ್ಲಾಕಿಗೆ 1960ರ ದಶಕದ ಬೆಲ್ ಹೌಸಿಂಗ್ ಹಾಕಿದರೆ ಆರೂ ಬೋಲ್ಟುಗಳು ಅಂದವಾಗಿ ಕೂರುತ್ತವೆ, ಗೇರ್‌ಬಾಕ್ಸೂ ಏರುತ್ತದೆ, ಕೊನೆಗೆ ಸ್ಟಾರ್ಟರ್ ಕೈಗೆತ್ತಿಕೊಂಡಾಗ ಅದನ್ನು ಬಿಗಿಯಲು ಬ್ಲಾಕಿನಲ್ಲೂ ಜಾಗವಿಲ್ಲ, ಹೌಸಿಂಗಿನಲ್ಲೂ ಜಾಗವಿಲ್ಲ ಎಂಬುದು ಗೊತ್ತಾಗುತ್ತದೆ. ಆದ್ದರಿಂದ ಆ ಕಾಲದ ಬ್ಲಾಕು ಸಿಕ್ಕವರು ಅದರ ಬೆಲ್ ಹೌಸಿಂಗನ್ನು ಕೈಬಿಡದೆ ಜೊತೆಯಲ್ಲೇ ಕೊಳ್ಳುವುದು ಮೇಲು.

ಎರಡನೆಯ ಮೋಸ ಇನ್ನೂ ಸೂಕ್ಷ್ಮವಾದದ್ದು, ಮತ್ತು ಅದರ ಲೆಕ್ಕವನ್ನು ಬಿಡಿಸಿ ನೋಡಿದರೆ ಇಡೀ ವಿದ್ಯೆಯ ಒಳಗುಟ್ಟು ತಿಳಿಯುತ್ತದೆ. ಕ್ರ್ಯಾಂಕ್‌ಶಾಫ್ಟಿನ ಹಿಂತುದಿಗೆ ಬಿಗಿದಿರುವ ಭಾರವಾದ ಚಕ್ರವೇ ಫ್ಲೈವೀಲು. ಅದರ ಅಂಚಿಗೆ ಹಲ್ಲುಗಳಿರುವ ಉಕ್ಕಿನ ಬಳೆ, ಅಂದರೆ ರಿಂಗ್ ಗೇರು, ತೊಡಿಸಿರುತ್ತದೆ. ಸ್ಟಾರ್ಟರಿನ ಮೂತಿಯಲ್ಲಿರುವ ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರ ಮುಂದೆ ಸರಿದು ಈ ಬಳೆಯನ್ನು ಕಚ್ಚಿ ಎಂಜಿನ್ನನ್ನು ತಿರುಗಿಸುತ್ತದೆ. ಶೆವ್ರೊಲೆ ಕಂಪನಿಯು ಈ ಎಂಜಿನ್ನುಗಳಿಗೆ ಎರಡು ಅಳತೆಯ ಬಳೆಗಳನ್ನು ಬಳಸಿತು: ಒಂದಕ್ಕೆ 168 ಹಲ್ಲು, ಇನ್ನೊಂದಕ್ಕೆ 153 ಹಲ್ಲು. ಎರಡರಲ್ಲೂ ಹಲ್ಲಿನ ಗಾತ್ರ ಒಂದೇ. ವ್ಯಾಸದ ಪ್ರತಿ ಇಂಚಿಗೆ 12 ಹಲ್ಲು ಎಂಬ ಲೆಕ್ಕದಲ್ಲಿ ಮೊದಲನೆಯದರ ವ್ಯಾಸ 14 ಇಂಚು, ಎರಡನೆಯದರದು 12.75 ಇಂಚು. ಹಲ್ಲುಗಳು ಪರಸ್ಪರ ಕಚ್ಚುವ ರೇಖೆಯಲ್ಲಿ ಅಳೆದ ವ್ಯಾಸವಿದು. ಹಲ್ಲಿನ ತುದಿಯಿಂದ ತುದಿಗೆ ಅಳೆದರೆ ಸ್ವಲ್ಪ ಹೆಚ್ಚು ಬರುತ್ತದೆ. ಹಲ್ಲಿನ ಗಾತ್ರ ಒಂದೇ ಆದ್ದರಿಂದ 9 ಹಲ್ಲಿನ ಅದೇ ಪಿನಿಯನ್ ಎರಡನ್ನೂ ಕಚ್ಚಬಲ್ಲದು. ಹಾಗಾದರೆ ಅಡ್ಡಿ ಯಾವುದು? ವ್ಯಾಸದ ವ್ಯತ್ಯಾಸ 1.25 ಇಂಚು, ಅದರ ಅರ್ಧ 0.625 ಇಂಚು, ಎಂದರೆ ಸುಮಾರು 16 ಮಿಲಿಮೀಟರು. ದೊಡ್ಡ ಬಳೆಗೆ ಸ್ಟಾರ್ಟರು ಕ್ರ್ಯಾಂಕಿನ ನಡುರೇಖೆಯಿಂದ ಅಷ್ಟು ದೂರ ನಿಲ್ಲಬೇಕು, ಸಣ್ಣ ಬಳೆಗೆ ಅಷ್ಟು ಹತ್ತಿರ ಬರಬೇಕು. ಮೋಟಾರು ಅದೇ, ಪಿನಿಯನ್ನೂ ಅದೇ. ನಿಲ್ಲುವ ಜಾಗ ಮಾತ್ರ ಬೇರೆ.

ಈ 16 ಮಿಲಿಮೀಟರನ್ನು ನಿಭಾಯಿಸುವುದು ಸ್ಟಾರ್ಟರಿನ ಮೂತಿಯ ಎರಕ. ಸಣ್ಣ ಬಳೆಯ ಮೂತಿಯಲ್ಲಿ ಎರಡು ಬೋಲ್ಟುಗಳು ಎಂಜಿನ್ನಿಗೆ ಅಡ್ಡಲಾಗಿ ಒಂದೇ ನೇರದಲ್ಲಿರುತ್ತವೆ. ದೊಡ್ಡ ಬಳೆಯ ಮೂತಿಯಲ್ಲಿ ಒಂದು ಬೋಲ್ಟು ಹಿಂದುಮುಂದಾಗಿ, ಜೋಡಿ ಓರೆಯಾಗಿ ಕಾಣುತ್ತದೆ. ಎರಡಕ್ಕೂ ಅನುಕೂಲವಾಗಲೆಂದು ಅನೇಕ ಬ್ಲಾಕುಗಳ ತಳದಲ್ಲಿ 3 ತೂತುಗಳನ್ನು ಕೊರೆದಿರುತ್ತಾರೆ, ಅವುಗಳಲ್ಲಿ ಒಳಗಿನದು ಎರಡೂ ಮೂತಿಗಳಿಗೆ ಸಾಮಾನ್ಯ. ಕೆಲವು ಬ್ಲಾಕುಗಳಲ್ಲಿ ಒಂದೇ ಜೋಡಿಗೆ ಬೇಕಾದ ತೂತುಗಳು ಮಾತ್ರ ಇರುತ್ತವೆ. ಮೂತಿಯು ಮೋಟಾರಿನಿಂದ ಬೇರ್ಪಡುವ ಭಾಗವಾದ್ದರಿಂದ, ಒಳ್ಳೆಯ ಮೋಟಾರು ಕೈಯಲ್ಲಿದ್ದು ಮೂತಿ ಮಾತ್ರ ತಪ್ಪಾಗಿದ್ದರೆ ಆ ಎರಕವೊಂದನ್ನೇ ಬದಲಿಸಿ ಕೆಲಸ ಸಾಧಿಸಬಹುದು. ಇಷ್ಟು ಸುಲಭದ ದಾರಿಯಿರುವಾಗಲೂ ತಪ್ಪು ಮೂತಿಯನ್ನು ಗ್ರೈಂಡರಿನಲ್ಲಿ ತೇದು ಕೂರಿಸುವವರಿದ್ದಾರೆ. ಅದು ದುರಸ್ತಿಯಲ್ಲ, ಹಾನಿ.

ಸ್ಟಾರ್ಟರನ್ನು ಹಿಡಿಯುವ ಬೋಲ್ಟುಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಕು. ಅವುಗಳ ಕಾಂಡದ ಒಂದು ಭಾಗದಲ್ಲಿ ಸಣ್ಣ ಸಣ್ಣ ಗೀರುಗಳ ಉಬ್ಬುಪಟ್ಟಿಯಿರುತ್ತದೆ. ಅಲಂಕಾರಕ್ಕೆಂದು ತೋರುವ ಈ ಪಟ್ಟಿಯೇ ಮೂತಿಯ ತೂತಿನಲ್ಲಿ ಬಿಗಿಯಾಗಿ ಕೂತು ಸ್ಟಾರ್ಟರಿನ ಸ್ಥಾನವನ್ನು ಕಾಯುತ್ತದೆ. ಹಾರ್ಡ್‌ವೇರ್ ಅಂಗಡಿಯಿಂದ ತಂದ ಅದೇ ದಪ್ಪದ, ಅದೇ ತಿರುಪಿನ ಸಾಮಾನ್ಯ ಬೋಲ್ಟು ಬಿಗಿಯುವ ಕೆಲಸವನ್ನು ಮಾಡುತ್ತದೆಯೇ ಹೊರತು ಸ್ಥಾನ ಕಾಯುವುದಿಲ್ಲ. ಎಂಜಿನ್ ತಿರುಗಿಸುವ ಪ್ರತಿ ಸಲವೂ ಸ್ಟಾರ್ಟರು ಕೂದಲೆಳೆಯಷ್ಟು ಜರುಗುತ್ತ, ಒಂದು ದಿನ ಮೂತಿ ಒಡೆಯುತ್ತದೆ, ಅಥವಾ ಬ್ಲಾಕಿನ ಕಿವಿಯೇ ಸೀಳುತ್ತದೆ. ಸ್ಟಾರ್ಟರಿನ ಮುಂತುದಿಯನ್ನು ಬ್ಲಾಕಿಗೆ ಹಿಡಿದಿಡುವ ಸಣ್ಣ ಪಟ್ಟಿಯೂ ಹೀಗೆಯೇ ಉಪೇಕ್ಷೆಗೆ ಗುರಿಯಾದದ್ದು. ಹಳೆಯ ಕಾರುಗಳಲ್ಲಿ ಅದು ಮಾಯವಾಗಿರುವುದೇ ಹೆಚ್ಚು, ಮತ್ತು ಅದಿಲ್ಲದೆ ಭಾರವಾದ ಮೋಟಾರಿನ ತೂಕವೆಲ್ಲ ಎರಡು ಬೋಲ್ಟುಗಳ ಮೇಲೆ ಬೀಳುತ್ತದೆ.

ಎಲ್ಲ ಸರಿಯಾದ ಮೇಲೂ ಪಿನಿಯನ್ನಿನ ಹಲ್ಲಿಗೂ ಬಳೆಯ ಹಲ್ಲಿಗೂ ನಡುವೆ ತಕ್ಕಷ್ಟು ಸಡಿಲ ಇರಬೇಕು. ಮೆಕ್ಯಾನಿಕ್ಕುಗಳು ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪಿನ ತಂತಿಯನ್ನು ಹಲ್ಲುಗಳ ನಡುವೆ ತೂರಿಸಿ ಅದನ್ನು ಪರೀಕ್ಷಿಸುತ್ತಾರೆ. ಹೆಚ್ಚು ಕಡಿಮೆಯಾದರೆ ಸ್ಟಾರ್ಟರಿಗೂ ಬ್ಲಾಕಿಗೂ ನಡುವೆ ಶಿಮ್ ಎಂಬ ತೆಳು ತಗಡನ್ನು ಸೇರಿಸುತ್ತಾರೆ ಅಥವಾ ತೆಗೆಯುತ್ತಾರೆ. ಎತ್ತ ಸರಿಸಬೇಕೆಂಬುದನ್ನು ಸದ್ದೇ ಹೇಳುತ್ತದೆ. ಎಂಜಿನ್ ಇನ್ನೂ ಹೊತ್ತಿಕೊಳ್ಳದೆ ಬರಿದೆ ತಿರುಗುತ್ತಿರುವಾಗ ಕೀರಲು ಸ್ವರ ಬಂದರೆ ಪಿನಿಯನ್ ಬಳೆಯಿಂದ ತೀರ ದೂರವಿದೆಯೆಂದೂ ಶಿಮ್ ತೆಗೆಯಬೇಕೆಂದೂ ತಿಳಿಯಬೇಕು. ಎಂಜಿನ್ ಹೊತ್ತಿಕೊಂಡು ಕೀಲಿ ಬಿಡುವ ಹೊತ್ತಿಗೆ ಅದೇ ಕೀರಲು ಕೇಳಿದರೆ ಪಿನಿಯನ್ ತೀರ ಹತ್ತಿರವಿದೆ, ಶಿಮ್ ಸೇರಿಸಬೇಕು. ಸಾಮಾನ್ಯ ಶಿಮ್ಮಿನ ದಪ್ಪ 0.015 ಇಂಚು. ಸ್ಟಾರ್ಟರು ಬಳೆಗೆ ನೇರ ಕೆಳಗಿರದೆ ಪಕ್ಕಕ್ಕೆ ಓರೆಯಾಗಿ ನಿಂತಿರುವುದರಿಂದ ಅಷ್ಟು ದಪ್ಪದ ತಗಡು ಹಲ್ಲುಗಳ ನಡುವಿನ ಸಡಿಲವನ್ನು ಸುಮಾರು 0.005 ಇಂಚಿನಷ್ಟು ಮಾತ್ರ ಬದಲಿಸುತ್ತದೆ. ಈ ಸಂಗತಿಯನ್ನು ತಿಳಿಯದವರು ಒಂದು ಶಿಮ್ ಹಾಕಿ, ಫಲ ಕಾಣದೆ, ಸ್ಟಾರ್ಟರೇ ಕೆಟ್ಟಿದೆಯೆಂದು ಎಸೆಯುತ್ತಾರೆ. ಮೂರು ನಾಲ್ಕು ಶಿಮ್ ಹಾಕಿದರೂ ಸದ್ದು ಅಡಗದಿದ್ದರೆ ಮೂತಿ ಇಲ್ಲವೇ ಬಳೆ ಬೇರೆ ಕುಲದ್ದೆಂದು ಅನುಮಾನಿಸಿ ಹಲ್ಲು ಎಣಿಸುವುದು ಸರಿಯಾದ ಹೆಜ್ಜೆ.

ಇಲ್ಲಿಯವರೆಗಿನ ತಪ್ಪುಗಳು ಸದ್ದಿನಿಂದಲಾದರೂ ಗೊತ್ತಾಗುತ್ತವೆ. ಫ್ಲೈವೀಲಿನ ಸಮತೂಕದಲ್ಲಿ ಆಗುವ ತಪ್ಪು ಅಷ್ಟು ಬೇಗ ಬಾಯಿಬಿಡುವುದಿಲ್ಲ. 265ರಿಂದ 350 ಘನ ಇಂಚಿನವರೆಗಿನ ಹಳೆಯ ಎಂಜಿನ್ನುಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಸಮತೂಕವನ್ನು ಅದರ ಒಡಲಲ್ಲಿರುವ ತೂಕದ ಗಟ್ಟಿಗಳಿಂದಲೇ ಸಾಧಿಸಲಾಗಿತ್ತು. ಫ್ಲೈವೀಲು ತನ್ನಷ್ಟಕ್ಕೆ ತಾನು ಸಮತೂಕದ ಚಕ್ರ. 400 ಘನ ಇಂಚಿನ ಎಂಜಿನ್ನಿನಲ್ಲಿ ಪಿಸ್ಟನ್ನಿನ ಓಟ ಉದ್ದವಾಗಿ, ಒಳಗೆ ಅಷ್ಟು ತೂಕ ಕೂರಿಸಲು ಜಾಗ ಸಾಲದೆ, ಉಳಿದ ತೂಕವನ್ನು ಮುಂದಿನ ಡ್ಯಾಂಪರಿನ ಮೇಲೂ ಹಿಂದಿನ ಫ್ಲೈವೀಲಿನ ಮೇಲೂ ಹೊರಿಸಲಾಯಿತು. ಈ ಫ್ಲೈವೀಲು 350ರ ಕ್ರ್ಯಾಂಕಿಗೆ ಸರಾಗವಾಗಿ ಬಿಗಿಯುತ್ತದೆ, ಕ್ಲಚ್ಚು ಕೂರುತ್ತದೆ, ಎಂಜಿನ್ ಹೊತ್ತಿಕೊಳ್ಳುತ್ತದೆ, ನಿಧಾನ ವೇಗದಲ್ಲಿ ದೋಷ ಅಷ್ಟಾಗಿ ಕಾಣುವುದೂ ಇಲ್ಲ. ವೇಗ ಏರಿದಂತೆ ನಡುಕ ಹೆಚ್ಚಿ, ಕಾರಿನ ಒಡೆಯ ಟೈರು, ಪ್ರೊಪೆಲ್ಲರ್ ಶಾಫ್ಟು, ಎಂಜಿನ್ ಮೌಂಟಿಂಗುಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗುವಷ್ಟರಲ್ಲಿ ಕ್ರ್ಯಾಂಕಿನ ಬೇರಿಂಗುಗಳು ಸವೆದಿರುತ್ತವೆ.

1986ರಲ್ಲಿ ಇನ್ನೊಂದು ಬದಲಾವಣೆ ಬಂತು. ಅಲ್ಲಿಯವರೆಗೆ ಕ್ರ್ಯಾಂಕಿನ ಹಿಂತುದಿಯ ಆಯಿಲ್ ಸೀಲು ಎರಡು ತುಂಡಿನದಾಗಿತ್ತು. ಆ ವರ್ಷದಿಂದ ಒಂದೇ ತುಂಡಿನ ಸೀಲು ಬಂದು, ಅದಕ್ಕಾಗಿ ಕ್ರ್ಯಾಂಕಿನ ತುದಿಯ ಆಕಾರವೇ ಬದಲಾಗಿ, ಫ್ಲೈವೀಲಿನ ಬೋಲ್ಟುಗಳು ಕೂರುವ ವೃತ್ತದ ವ್ಯಾಸ 3.58 ಇಂಚಿನಿಂದ 3 ಇಂಚಿಗೆ ಇಳಿಯಿತು; ಹಿಂತುದಿಯ ಸಮತೂಕದ ಭಾರವೂ ಫ್ಲೈವೀಲಿಗೆ ವರ್ಗವಾಯಿತು. ಹಳೆಯ ಫ್ಲೈವೀಲನ್ನು ಹೊಸ ಕ್ರ್ಯಾಂಕಿಗೆ ಹಾಕುವ ತಪ್ಪನ್ನು ಯಾರೂ ಮಾಡಲಾರರು, ಏಕೆಂದರೆ ಬೋಲ್ಟುಗಳೇ ಕೂರುವುದಿಲ್ಲ. ಮೇಲ್ನೋಟಕ್ಕೆ ತೊಡಕೆನಿಸುವ ಇಂಥ ವ್ಯತ್ಯಾಸಗಳು ವಾಸ್ತವದಲ್ಲಿ ಕಾವಲುಗಾರರು. ತಪ್ಪು ಭಾಗವು ಕೂರದಿದ್ದರೆ ಹೋಗುವುದು ಒಂದು ಮಧ್ಯಾಹ್ನ. ಕೂತರೆ ಹೋಗುವುದು ಎಂಜಿನ್ನು.

ಗೇರ್‌ಬಾಕ್ಸಿನ ಕಡೆಗೆ ಬಂದರೆ ಮೊದಲು ನೋಡಬೇಕಾದದ್ದು ಅದರ ಮುಂದೆ ಚಾಚಿಕೊಂಡಿರುವ ಇನ್‌ಪುಟ್ ಶಾಫ್ಟು. ಅದರ ಮೇಲೆ ಉದ್ದಕ್ಕೂ ಕೊರೆದ ಗೀರುಗಳಿಗೆ ಸ್ಪ್ಲೈನುಗಳೆನ್ನುತ್ತಾರೆ. ಕ್ಲಚ್ ಪ್ಲೇಟಿನ ನಡುವಿನ ತೂತಿನಲ್ಲಿ ಅವಕ್ಕೆ ತಕ್ಕ ಗೀರುಗಳಿದ್ದರೆ ಮಾತ್ರ ಪ್ಲೇಟು ಶಾಫ್ಟಿನ ಮೇಲೆ ಜಾರುತ್ತದೆ. ಇಂಡಿಯಾನಾ ರಾಜ್ಯದ ಮನ್ಸಿ ಎಂಬ ಊರಿನಲ್ಲಿ 1963ರಿಂದ 1974ರವರೆಗಿನ ಮಾದರಿಗಳಿಗೆ ತಯಾರಾಗಿ ಆ ಊರಿನ ಹೆಸರನ್ನೇ ಪಡೆದ ನಾಲ್ಕು ವೇಗದ ಗೇರ್‌ಬಾಕ್ಸು ಇದಕ್ಕೆ ಒಳ್ಳೆಯ ನಿದರ್ಶನ. 1960ರ ದಶಕದಲ್ಲಿ ಅದರ ಇನ್‌ಪುಟ್ ಶಾಫ್ಟಿಗೆ ಸಾಮಾನ್ಯವಾಗಿ 10 ದಪ್ಪ ಸ್ಪ್ಲೈನುಗಳಿದ್ದವು, 1970ರ ದಶಕದ ಆರಂಭದಲ್ಲಿ 26 ಸಣ್ಣ ಸ್ಪ್ಲೈನುಗಳಾದವು. ಶಾಫ್ಟಿನ ದಪ್ಪ ಎರಡರಲ್ಲೂ 1⅛ ಇಂಚು. ದಪ್ಪವನ್ನಷ್ಟೇ ಅಳೆದು ಪ್ಲೇಟು ತರಿಸಿದವರು ಮೋಸಹೋಗುತ್ತಾರೆ. ಹಿಂತುದಿಯಲ್ಲೂ 27 ಸ್ಪ್ಲೈನುಗಳು 32 ಆದದ್ದರಿಂದ ಪ್ರೊಪೆಲ್ಲರ್ ಶಾಫ್ಟನ್ನು ಗೇರ್‌ಬಾಕ್ಸಿಗೆ ಕೂಡಿಸುವ ಯೋಕ್ ಕೂಡ ಬದಲಾಗಬೇಕು. ಇದೇ ಗೇರ್‌ಬಾಕ್ಸಿನ ಎಂ22 ಎಂಬ ಬಗೆಗೆ ‘ಬಂಡೆ ಪುಡಿಮಾಡುವ ಯಂತ್ರ’ ಎಂಬರ್ಥದ ಅಡ್ಡಹೆಸರಿದೆ. ಭಾರವನ್ನು ಚೆನ್ನಾಗಿ ತಡೆಯಲೆಂದು ಅದರ ಹಲ್ಲುಗಳ ಓರೆಯನ್ನು ಕಡಿಮೆ ಮಾಡಿದ್ದರಿಂದ ಅದು ಗೊರಗೊರ ಸದ್ದು ಮಾಡುತ್ತದೆ. ಆ ಸದ್ದು ಕೇಳಿ ಬೇರಿಂಗು ಹೋಗಿದೆಯೆಂದು ಬಿಚ್ಚುವ ಅಗತ್ಯವಿಲ್ಲ.

ಸ್ಪ್ಲೈನಿಗಿಂತಲೂ ಹೆಚ್ಚು ಮುಖ್ಯವಾಗಿದ್ದರೂ ಕಡಿಮೆ ಗಮನಕ್ಕೆ ಬರುವುದು ನಡುರೇಖೆಯ ಪ್ರಶ್ನೆ. ಇನ್‌ಪುಟ್ ಶಾಫ್ಟಿನ ತುದಿ ಕ್ರ್ಯಾಂಕಿನ ಹಿಂಭಾಗದಲ್ಲಿರುವ ಪೈಲಟ್ ಬುಷ್ ಎಂಬ ಕಂಚಿನ ಉಂಗುರದಲ್ಲಿ ತಿರುಗುತ್ತದೆ. ಹಾಗಾಗಿ ಕ್ರ್ಯಾಂಕು ಮತ್ತು ಇನ್‌ಪುಟ್ ಶಾಫ್ಟು ಒಂದೇ ಗೆರೆಯಲ್ಲಿರಬೇಕು. ಆ ಗೆರೆಯನ್ನು ನಿಗದಿಪಡಿಸುವುದು ಗೇರ್‌ಬಾಕ್ಸಿನ ನಾಲ್ಕು ಬೋಲ್ಟುಗಳೆಂದು ಅನೇಕರ ಎಣಿಕೆ. ನಿಜದಲ್ಲಿ ಆ ಕೆಲಸ ಮಾಡುವುದು ಬೆಲ್ ಹೌಸಿಂಗಿನ ಹಿಂದಿರುವ ದುಂಡು ತೂತು. ಗೇರ್‌ಬಾಕ್ಸಿನ ಮುಂಬದಿಯ ಬೇರಿಂಗನ್ನು ಮುಚ್ಚುವ ದುಂಡನೆಯ ಮುಚ್ಚಳ ಅದರೊಳಗೆ ಬಿಗಿಯಾಗಿ ಕೂರುತ್ತದೆ. ಶೆವ್ರೊಲೆ ಕಾರುಗಳಲ್ಲಿ ಈ ತೂತಿನ ವ್ಯಾಸ ಸಾಮಾನ್ಯವಾಗಿ 4.686 ಇಂಚು, ಅನೇಕ ಲಾರಿಗಳ ಹೌಸಿಂಗುಗಳಲ್ಲಿ 5.125 ಇಂಚು. ಲಾರಿಯ ಹೌಸಿಂಗಿಗೆ ಕಾರಿನ ಗೇರ್‌ಬಾಕ್ಸು ಹಿಡಿದರೆ ನಾಲ್ಕೂ ಬೋಲ್ಟುಗಳು ಕೂರುತ್ತವೆ, ಆದರೆ ಮುಚ್ಚಳದ ಸುತ್ತ ಕಾಲು ಇಂಚಿಗೆ ಸ್ವಲ್ಪವೇ ಕಡಿಮೆಯಾದ ಖಾಲಿ ಜಾಗ ಉಳಿಯುತ್ತದೆ. ಗೇರ್‌ಬಾಕ್ಸು ಬೋಲ್ಟುಗಳ ಸಡಿಲದಷ್ಟು ಎತ್ತಾದರೂ ಜಗ್ಗಿ ನಿಲ್ಲಬಹುದು. ಇದಕ್ಕೆಂದೇ ಸಿಗುವ ಉಂಗುರವನ್ನು ನಡುವೆ ಕೂರಿಸಿದರೆ ಸಮಸ್ಯೆ ತೀರುತ್ತದೆ. ಉಂಗುರವಿಲ್ಲದೆ ಓಡಿಸಿದರೆ ಬುಷ್ ಸವೆಯುತ್ತದೆ, ಕ್ಲಚ್ಚು ಪೂರ್ತಿ ಬಿಡದೆ ಗೇರು ಕರಕರ ಎನ್ನುತ್ತದೆ, ಕೊನೆಕೊನೆಗೆ ಓಡುವಾಗಲೇ ಗೇರು ಹಾರಿಬೀಳತೊಡಗುತ್ತದೆ.

ತೂತಿನ ವ್ಯಾಸ ಸರಿಯಿದ್ದರೂ ಅದು ಕ್ರ್ಯಾಂಕಿನ ನಡುರೇಖೆಯ ಸುತ್ತಲೇ ಇದೆಯೆಂದು ಹೇಳಲಾಗದು, ಏಕೆಂದರೆ ಬೇರೊಂದು ಬ್ಲಾಕಿನಿಂದ ಬಂದ ಹೌಸಿಂಗು ಈ ಬ್ಲಾಕಿನ ಡೋವೆಲ್‌ಗಳ ಮೇಲೆ ಕೂದಲೆಳೆ ಅತ್ತಿತ್ತ ನಿಲ್ಲಬಹುದು. ಇದನ್ನು ಪರೀಕ್ಷಿಸಲು ಫ್ಲೈವೀಲಿಗೆ ಡಯಲ್ ಗೇಜನ್ನು ಕಟ್ಟಿ, ಅದರ ಮುಳ್ಳನ್ನು ಹೌಸಿಂಗಿನ ತೂತಿನ ಒಳಗೋಡೆಗೆ ತಾಗಿಸಿ, ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸುತ್ತಾರೆ. ಸುತ್ತಿನಲ್ಲಿ ಗೇಜಿನ ಮುಳ್ಳು ಒಟ್ಟು 0.005 ಇಂಚಿಗಿಂತ ಹೆಚ್ಚು ಓಡಬಾರದೆಂಬುದು ಬಲ್ಲವರು ಒಪ್ಪಿಕೊಂಡ ಮಿತಿ. ಉದಾಹರಣೆಗೆ ಮುಳ್ಳು 0.014 ಇಂಚು ಓಡಿದರೆ ಹೌಸಿಂಗು ಅದರ ಅರ್ಧದಷ್ಟು, ಅಂದರೆ 0.007 ಇಂಚು, ನಡು ತಪ್ಪಿದೆಯೆಂದು ಅರ್ಥ. ಅದನ್ನು ತಿದ್ದಲು ಬುಡಕ್ಕೂ ತಲೆಗೂ ಅಷ್ಟೇ ಅಂತರ ಬರುವಂತೆ ಕಡೆದ ಓರೆನಡುವಿನ ಡೋವೆಲ್ ಪಿನ್ನುಗಳು 0.007, 0.014, 0.021 ಇಂಚಿನ ಅಳತೆಗಳಲ್ಲಿ ಸಿಗುತ್ತವೆ. ಒಂದು ಗಂಟೆಯೊಳಗೆ ಮುಗಿಯುವ ಈ ಪರೀಕ್ಷೆಯನ್ನು ಬಿಟ್ಟು ಗೇರ್‌ಬಾಕ್ಸನ್ನು ಎರಡು ಮೂರು ಸಲ ಇಳಿಸಿ ಏರಿಸುವುದಕ್ಕಿಂತ, ಮೊದಲೇ ಗೇಜು ಕಟ್ಟಿ ನೋಡುವುದು ಎಷ್ಟೋ ಮೇಲು. ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗಿನ ಉದ್ದವು ಕ್ಲಚ್ಚಿನ ಪ್ರೆಶರ್ ಪ್ಲೇಟಿನ ಬಗೆಗೆ ಹೊಂದಬೇಕೆಂಬುದನ್ನೂ ಇಲ್ಲಿಯೇ ನೆನಪಿಡಬೇಕು. ಅದು ಗಿಡ್ಡವಾದರೆ ಪೆಡಲು ನೆಲ ಮುಟ್ಟಿದರೂ ಕ್ಲಚ್ಚು ಬಿಡುವುದಿಲ್ಲ.

ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳಲ್ಲಿ ಭಾರವಾದ ಫ್ಲೈವೀಲಿನ ಬದಲು ಫ್ಲೆಕ್ಸ್ ಪ್ಲೇಟೆಂಬ ತೆಳು ತಟ್ಟೆಯೂ, ಕ್ಲಚ್ಚಿನ ಬದಲು ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರೂ ಇರುತ್ತವೆ. ಹಲ್ಲಿನ ಲೆಕ್ಕ ಅಲ್ಲೂ 153 ಮತ್ತು 168. ಅದರ ಜೊತೆಗೆ ಕನ್ವರ್ಟರಿನ ಬೋಲ್ಟುಗಳ ವೃತ್ತ 10.75 ಇಂಚೋ 11.5 ಇಂಚೋ ಎಂದು ನೋಡಬೇಕು. ಕನ್ವರ್ಟರನ್ನು ಗೇರ್‌ಬಾಕ್ಸಿನ ಪಂಪಿನೊಳಗೆ ಕೊನೆಯವರೆಗೂ ಕೂರಿಸದೆ ಬೆಲ್ ಹೌಸಿಂಗಿನ ಬೋಲ್ಟುಗಳನ್ನು ಬಿಗಿದು ಎಳೆದರೆ ಪಂಪು ಒಡೆಯುತ್ತದೆ. ಹೌಸಿಂಗಿನ ಎಲ್ಲ ಬೋಲ್ಟು ಬಿಗಿದ ಮೇಲೂ ಕನ್ವರ್ಟರು ಕೈಯಲ್ಲಿ ಸರಾಗ ತಿರುಗಬೇಕು, ಮತ್ತು ಹಿಂದಕ್ಕೆ ತಳ್ಳಿದಾಗ ಫ್ಲೆಕ್ಸ್ ಪ್ಲೇಟಿಗೂ ಅದಕ್ಕೂ ನಡುವೆ ⅛ರಿಂದ 3/16 ಇಂಚಿನ ಸಂದು ಕಾಣಬೇಕು.

ಇಷ್ಟೆಲ್ಲ ವ್ಯತ್ಯಾಸಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ. ಅದಕ್ಕಾಗಿಯೇ ಅಮೆರಿಕದ ಗುಜರಿ ವ್ಯಾಪಾರವು ಹಾಲೆಂಡರ್ ಇಂಟರ್‌ಚೇಂಜ್ ಮ್ಯಾನ್ಯುಯಲ್ ಎಂಬ ದಪ್ಪ ಪುಸ್ತಕಗಳನ್ನು 1930ರ ದಶಕದಿಂದಲೂ ಆಶ್ರಯಿಸಿದೆ. ಒಂದು ಭಾಗಕ್ಕೆ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯಡಿ ಬರುವ ಎಲ್ಲ ಮಾದರಿ, ಎಲ್ಲ ವರ್ಷಗಳನ್ನು ಪಟ್ಟಿ ಮಾಡುವ ಆ ಪದ್ಧತಿ ಇಂದು ಕಂಪ್ಯೂಟರಿಗೆ ಬಂದಿದೆ. ಆದರೆ ಆ ಪಟ್ಟಿಗಳು ಹೇಳುವುದು ಕಾರ್ಖಾನೆಯಿಂದ ಹೊರಟ ಕಾರಿನ ವಿಷಯ. ನಾಲ್ಕು ಕೈ ಬದಲಾದ ಕಾರಿನ ವಿಷಯವನ್ನು ಎರಕದ ಮೇಲಿನ ಸಂಖ್ಯೆಗಳು ಹೇಳಬೇಕು. ಶೆವ್ರೊಲೆ ಬ್ಲಾಕಿನಲ್ಲಿ ಆ ಸಂಖ್ಯೆ ಬೆಲ್ ಹೌಸಿಂಗ್ ಕೂರುವ ಅಂಚಿನ ಮೇಲೆ, ಹಿಂಬದಿಯಲ್ಲಿ, ಉಬ್ಬಾಗಿ ಕಾಣುತ್ತದೆ. 3970010 ಎಂಬುದು 350 ಘನ ಇಂಚಿನ ಬ್ಲಾಕಿನ ಪ್ರಸಿದ್ಧ ಸಂಖ್ಯೆ. 3899621 ಎಂಬುದು 168 ಹಲ್ಲಿನ ಫ್ಲೈವೀಲನ್ನು ಒಳಗೊಳ್ಳುವ ಬೆಲ್ ಹೌಸಿಂಗಿನದು, ಬಲ್ಲವರು ಅದನ್ನು ಕೊನೆಯ ಮೂರಂಕಿಯಿಂದ ‘621’ ಎಂದೇ ಕರೆಯುತ್ತಾರೆ. ಡೆಲ್ಕೊ ಸ್ಟಾರ್ಟರಿನ ಮೈಮೇಲೆ ಭಾಗದ ಸಂಖ್ಯೆಯ ಜೊತೆಗೆ ತಯಾರಾದ ದಿನವೂ ಒತ್ತಿರುತ್ತದೆ: ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಅನಂತರದ ಇಂಗ್ಲಿಷ್ ಅಕ್ಷರ ತಿಂಗಳು, ಕೊನೆಯ ಅಂಕಿಗಳು ತಾರೀಖು. ‘9ಸಿ15’ ಎಂದಿದ್ದರೆ 9ರಲ್ಲಿ ಕೊನೆಗೊಳ್ಳುವ ಯಾವುದೋ ವರ್ಷದ ಮಾರ್ಚ್ 15. ಅದು 1959ರದೋ 1969ರದೋ ಎಂಬುದನ್ನು ಭಾಗದ ಸಂಖ್ಯೆಯಿಂದ ತೀರ್ಮಾನಿಸಬೇಕು. ಮರಳು ಬೀಸಿ ಚೊಕ್ಕಟ ಮಾಡುವ ಭರದಲ್ಲಿ ಇಂಥ ಗುರುತುಗಳನ್ನು ಅಳಿಸಿಹಾಕುವುದು ಕಾರಿನ ಚರಿತ್ರೆಯ ಒಂದು ಪುಟವನ್ನು ಹರಿದಂತೆ.

ಕರ್ನಾಟಕದಲ್ಲಿ ಈ ವಿದ್ಯೆ ಹೆಚ್ಚು ಬೇಕಾಗುವುದು ಮಲೆನಾಡು, ಕೊಡಗಿನ ತೋಟಗಳಲ್ಲಿ ಉಳಿದಿರುವ ಹಳೆಯ ಜೀಪುಗಳಿಗೆ, ಮತ್ತು ಅಂಬಾಸಿಡರ್ ಕಾರುಗಳಿಗೆ. ಎರಡನೆಯ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನ ಫ್ಲೈವೀಲಿಗೆ 97 ಹಲ್ಲುಗಳಿದ್ದವು. ಯುದ್ಧಾನಂತರದ ನಾಗರಿಕ ಜೀಪುಗಳಲ್ಲಿ 124 ಹಲ್ಲಿನವು ಬಂದವು. ಇಲ್ಲಿ ನಡೆದದ್ದು ಶೆವ್ರೊಲೆಯದಕ್ಕೆ ತದ್ವಿರುದ್ಧ: ಚಕ್ರದ ಗಾತ್ರ ಹೆಚ್ಚುಕಡಿಮೆ ಅಷ್ಟೇ ಇದ್ದು, ಹಲ್ಲುಗಳೇ ಸಣ್ಣವಾದವು. ಆದ್ದರಿಂದ ಸ್ಟಾರ್ಟರಿನ ಸ್ಥಾನ ಸರಿಯಿದ್ದರೂ ಪಿನಿಯನ್ನಿನ ಹಲ್ಲು ಹೊಂದದಿದ್ದರೆ ಅದು ಬಳೆಯನ್ನು ಕಚ್ಚುವ ಬದಲು ಕಡಿಯುತ್ತದೆ. ಜೀಪಿನ ಸ್ಟಾರ್ಟರಿನಲ್ಲಿ ಬೆಂಡಿಕ್ಸ್ ಎಂಬ ತಿರುಪು ಶಾಫ್ಟಿನ ಮೇಲೆ ಪಿನಿಯನ್ ಕೂತಿರುತ್ತದೆ. ಮೋಟಾರು ಥಟ್ಟನೆ ತಿರುಗಿದಾಗ ಪಿನಿಯನ್ ತನ್ನ ಜಡತ್ವದಿಂದ ಹಿಂದುಳಿದು ತಿರುಪಿನ ಮೇಲೆ ಸರಿದು ಬಳೆಯನ್ನು ಕಚ್ಚುತ್ತದೆ. ಡೆಲ್ಕೊ ಸ್ಟಾರ್ಟರಿನಲ್ಲಿಯಾದರೋ ಸೊಲೆನಾಯ್ಡು ಎಂಬ ವಿದ್ಯುತ್ಕಾಂತವು ಮೊದಲು ಪಿನಿಯನ್ನನ್ನು ತಳ್ಳಿ ಕಚ್ಚಿಸಿ, ಆಮೇಲೆ ಮೋಟಾರಿಗೆ ವಿದ್ಯುತ್ತು ಕೊಡುತ್ತದೆ.

ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಕುಟುಂಬದ್ದು. 1955ರಲ್ಲಿ ಬಂದ ಎಂಜಿಎ ಕ್ರೀಡಾ ಕಾರಿನ ಎಂಜಿನ್ನೂ ಇದೇ ಕುಲ, ಇದೇ ಗಾತ್ರ. ಈ ನೆಂಟಸ್ತಿಕೆಯನ್ನು ನೆಚ್ಚಿ ಅದೇ ಕುಟುಂಬದ ಎಂಜಿಬಿ ಕಾರಿನ ಭಾಗಗಳಿಗೆ ಕೈಹಾಕುವವರು, 1967ರ ಕೊನೆಗೆ ಆ ಕಾರಿನಲ್ಲಿ ಸ್ಟಾರ್ಟರಿನ ಜೊತೆಜೊತೆಗೇ ರಿಂಗ್ ಗೇರು, ಎಂಜಿನ್ ಹಿಂಬದಿಯ ಉಕ್ಕಿನ ಫಲಕ, ಗೇರ್‌ಬಾಕ್ಸು ಎಲ್ಲವೂ ಬದಲಾದುದನ್ನು ತಿಳಿದಿರಬೇಕು. ತಂದರೆ ಪೂರ್ತಿ ಜೋಡಿಯನ್ನು ತರಬೇಕು, ಇಲ್ಲವೇ ಮುಟ್ಟಬಾರದು. 1990ರ ದಶಕದಲ್ಲಿ ಅಂಬಾಸಿಡರಿಗೆ ಇಸುಜು ಎಂಜಿನ್ ಬಂದಾಗ ಅದರೊಂದಿಗೆ ಐದು ವೇಗದ ಗೇರ್‌ಬಾಕ್ಸು ಬಂದದ್ದನ್ನೂ ಈ ದೃಷ್ಟಿಯಿಂದಲೇ ನೋಡಬೇಕು.

ಅದಲುಬದಲಿಗೆ ಕಾನೂನಿನ ಮಗ್ಗುಲೂ ಇದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ವಾಣಿಜ್ಯೇತರ ಬಳಕೆಯ ವಾಹನವು ವಿಂಟೇಜ್ ಎನಿಸಿಕೊಂಡು ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆ ಪಡೆಯಬಹುದು. ಆದರೆ ಅದು ಮೂಲರೂಪದಲ್ಲಿ ಉಳಿದಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೀಗಿರುವಾಗ ಬ್ಲಾಕಿನಲ್ಲಿ ಹೊಸ ತೂತು ಕೊರೆದು, ಹೌಸಿಂಗನ್ನು ಕತ್ತರಿಸಿ ಕೂರಿಸುವ ಕೆಲಸಕ್ಕಿಂತ, ಬೇಕೆಂದಾಗ ಬಿಚ್ಚಿ ಮೂಲಭಾಗವನ್ನು ಮರಳಿ ಹಾಕಬಹುದಾದ ಜೋಡಣೆಯೇ ಎಲ್ಲ ರೀತಿಯಿಂದಲೂ ಮೇಲು.

ಹಳೆಯ ಕಾರುಳ್ಳವರಲ್ಲಿ ಮಾಡಬೇಕಾದ ವಿನಂತಿ ಒಂದೇ. ಕಳಚಿದ ಮೂಲಭಾಗವನ್ನು, ಅದು ಒಡೆದಿದ್ದರೂ, ಗುಜರಿಗೆ ಹಾಕದೆ ಎಣ್ಣೆ ಸವರಿ ಎತ್ತಿಡಿ. ಮುಂದಿನ ಸಲ ಗೇರ್‌ಬಾಕ್ಸು ಇಳಿದಾಗ ರಿಂಗ್ ಗೇರಿನ ಹಲ್ಲು, ಫ್ಲೈವೀಲಿನ ಬೋಲ್ಟು ವೃತ್ತದ ವ್ಯಾಸ, ಇನ್‌ಪುಟ್ ಶಾಫ್ಟಿನ ಸ್ಪ್ಲೈನು, ಬೆಲ್ ಹೌಸಿಂಗಿನ ತೂತಿನ ಅಳತೆ, ಎರಕದ ಸಂಖ್ಯೆಗಳು, ಸ್ಟಾರ್ಟರಿನ ಕೆಳಗಿರುವ ಶಿಮ್ಮುಗಳ ಲೆಕ್ಕ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಆರ್‌ಸಿ ಪುಸ್ತಕದ ಜೊತೆಗಿಡಿ. ಕಾರು ಮಾರುವಾಗ ಆ ಹಾಳೆಯನ್ನೂ ಕೊಳ್ಳುವವರ ಕೈಗೆ ಕೊಡಿ.